ಮೊದಲು ಮನೆಯವರ ಮಾತು, ಆಮೇಲೆ ಮೊಬೈಲಿನ ಚಿತ್ರ

2025ರ ದೀಪಾವಳಿಗೆ ಊರಿಗೆ ಬಂದಿದ್ದ ಮಗ ಮನೆಯ ಮುಂದೆ ನಿಂತು ಮೊಬೈಲಿನಲ್ಲಿ ಒಂದು ಫೋಟೊ ತೆಗೆದ. ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಆಗಿರಲಿಲ್ಲ, ‘ಯಪ್ಪಾ, ನಮ್ಮ ಮನಿ ಕೆಡವಿ ಹಿಂಗ ಕಟ್ಟಿಸಿದ್ರ ಹೆಂಗ?’ ಎಂದು ತೋರಿಸಿದ. ಎಐ, ಅಂದರೆ ಕೃತಕ ಬುದ್ಧಿಮತ್ತೆ ಬರೆದ ಚಿತ್ರವಂತೆ. ಹಳೇ ಮನೆಯ ಫೋಟೊ ಕೊಟ್ಟು, ಹಳ್ಳಿಯಲ್ಲಿ ಚಂದದ ಮನೆ, ಮುಂದೆ ಕೈತೋಟ ಎಂದು ಬರೆದರೆ ಸಾಕು, ಹೊಸ ಮನೆ ಬಂದುಬಿಡುತ್ತದೆ.

ಚಂದ ಇತ್ತು, ಸುಳ್ಳು ಹೇಳಬಾರದು. ಇಳಿಜಾರು ಮಾಡು, ಮೇಲೆ ಕೆಂಪು ಹಂಚು. ಪಡುವಣಕ್ಕೆ ನೆಲದಿಂದ ಸೂರಿನತನಕ ಗಾಜಿನ ಕಿಟಕಿ. ಮುಂದೆ ಹಸಿರು ಹುಲ್ಲುಹಾಸು, ಎರಡು ತೆಂಗು, ಗೋಡೆಗೆ ತಾಗಿದಂತೆ ಒಂದು ದೊಡ್ಡ ಮರ. ಸೊಸೆಗೆ ಸೇರಿತು, ಮೊಮ್ಮಗಳಿಗಂತೂ ಬಲು ಸೇರಿತು. ನಮ್ಮ ಮನೆಯಾಕೆ ಮಾತ್ರ ಹತ್ತಿರ ಹಿಡಿದು ನೋಡಿ, ‘ಮೆಣಸಿನಕಾಯಿ ಎಲ್ಲಿ ಒಣಗಿಸೂದು?’ ಎಂದಳು. ಯಾರೂ ಉತ್ತರ ಕೊಡಲಿಲ್ಲ. ಚಿತ್ರ ಬಂದಮೇಲೆ ಮನೆಯಲ್ಲಿ ಮಾತೇ ನಿಂತುಹೋಗಿತ್ತು. ನನ್ನ ತಕರಾರು ಇರುವುದು ಇದರ ಮೇಲೆ.

ನಮ್ಮದು ಹುನಗುಂದ ತಾಲ್ಲೂಕಿನ ಎರೆಭೂಮಿಯ ಊರು. ಅಜ್ಜ ಕಟ್ಟಿಸಿದ ಮಣ್ಣಿನ ಮಾಳಿಗೆಯ ಮನೆ. ಮಳೆಗಾಲಕ್ಕೆ ಮೊದಲು ಮಾಳಿಗೆ ಮೇಲೆ ವರ್ಷಾ ಸವಳು ಮಣ್ಣು ಹಾಕಬೇಕು. ಈಗ ಆಳು ಸಿಗುವುದಿಲ್ಲ, ನಡುತೊಲೆಗೆ ಗೆದ್ದಲು ಬೇರೆ ಹತ್ತಿದೆ. ಕೆಡವದೆ ದಾರಿಯಿಲ್ಲ. ಹಳೇದೇ ಚಲೋ ಎಂದು ಹಟ ಹಿಡಿಯುವವನು ನಾನಲ್ಲ. ಆದರೆ ಒಣಬೇಸಾಯದವನು ಕೂಡಿಟ್ಟ ದುಡ್ಡಿಗೆ ಸಾಲ ಸೇರಿಸಿ ಜೀವಮಾನದಲ್ಲಿ ಕಟ್ಟಿಸುವುದು ಒಂದೇ ಮನೆ. ತಪ್ಪಿದರೆ ತಿದ್ದಲಿಕ್ಕೆ ಎರಡನೇ ಬಾರಿ ಇಲ್ಲ.

ಆ ಹಂಚಿನ ಮಾಡನ್ನೇ ತಗೊಳ್ಳಿ. ಮಲೆನಾಡಿಗೆ, ಕರಾವಳಿಗೆ ಅದು ಸರಿ. ನಮಗೆ ವರ್ಷಕ್ಕೆ 550-600 ಮಿ.ಮೀ. ಮಳೆಯಾದರೆ ಪುಣ್ಯ. ಇಲ್ಲಿ ಮಾಳಿಗೆಯೆಂದರೆ ಬರೀ ಸೂರಲ್ಲ. ಮೆಣಸಿನಕಾಯಿ, ಶ್ಯಾವಿಗೆ, ಹಪ್ಪಳ ಒಣಗುವುದು ಅಲ್ಲೇ, ಬೇಸಿಗೆಯಲ್ಲಿ ನಾವು ಮಲಗುವುದೂ ಅಲ್ಲೇ. ಇಂಥ ಯಂತ್ರ ಕೋಟಿಗಟ್ಟಲೆ ಚಿತ್ರ ನೋಡಿ ಕಲಿತದ್ದು. ಅದರಲ್ಲಿ ಹಳ್ಳಿಮನೆಯೆಂದರೆ ಹಂಚು, ತೆಂಗೇ ಹೆಚ್ಚು ಇದ್ದಿರಬೇಕು. ಹೆಚ್ಚು ಕಂಡದ್ದನ್ನು ಅದು ಕೊಡುತ್ತದೆ, ನಮ್ಮ ಊರು ಯಾವುದೆಂದು ತಾನಾಗಿ ಕೇಳುವುದಿಲ್ಲ. ಇನ್ನು ಪಡುವಣದ ಗಾಜು! ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಆ ಗಾಜಿನ ಹಿಂದೆ ಕೂಡ್ರುವವನು ಯಾರು?

ಅದಕ್ಕಿಂತ ದೊಡ್ಡ ಮಾತು, ಚಿತ್ರದಲ್ಲಿ ನೆಲದ ಕೆಳಗಿನದು ಕಾಣುವುದಿಲ್ಲ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಹೊಲದಲ್ಲಿ ಕೈ ತೂರುವಷ್ಟು ಬಿರುಕು ನೀವೆಲ್ಲ ನೋಡಿದವರೇ. ಆ ಮಣ್ಣಿನ ಮೇಲೆ ಹಗುರ ಪಾಯ ಹಾಕಿದರೆ ಎರಡನೇ ವರ್ಷಕ್ಕೆ ಗೋಡೆ ಸೀಳುತ್ತದೆ. ಗಟ್ಟಿ ಗರಸು ಸಿಗುವತನಕ ತೋಡಬೇಕು, ಆಳ ಹೆಚ್ಚಾದರೆ ಬೇರೆ ನಮೂನೆಯ ಪಾಯವನ್ನು ಎಂಜಿನಿಯರರೇ ಹೇಳಬೇಕು. ಗೋಡೆಗೆ ತಾಗಿದಂತೆ ಮರ ಹಚ್ಚಿದರೆ ಬೇರು ಪಾಯದ ಹಸಿಯನ್ನು ಹೀರಿ ಬಿರುಕು ಇನ್ನೂ ಬೇಗ ಬರುತ್ತದೆ. ನಮ್ಮ ಖರ್ಚಿನ ದೊಡ್ಡ ಪಾಲು ಹೋಗುವುದು ಈ ಕಾಣದ ಜಾಗಕ್ಕೆ.

ನಕ್ಷೆ ಮೊದಲು ಬಂದು ಮಾತು ಆಮೇಲೆ ಬಂದರೆ ಏನಾಗುತ್ತದೆಂದು ನಮ್ಮ ಜಿಲ್ಲೆ ಕಂಡಿದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿನ ನೆರೆಯಲ್ಲಿ ಮಲಪ್ರಭೆ ದಂಡೆಯ ಬಾದಾಮಿ, ಹುನಗುಂದ ತಾಲ್ಲೂಕಿನ ಊರುಗಳಿಗೆ ನೀರು ಹೊಕ್ಕಿತು. ಆಮೇಲೆ ‘ಆಸರೆ’ ಮನೆಗಳು ಬಂದವು. ಮನೆ ಕಳೆದುಕೊಂಡವರಿಗೆ ಸೂರು ಕೊಟ್ಟದ್ದು ಸಣ್ಣ ಕೆಲಸವಲ್ಲ. ಆದರೆ ಸಾಲು ಸಾಲು ಒಂದೇ ನಕ್ಷೆ. ದನ ಕಟ್ಟಲು, ಬಣವೆ ಒಟ್ಟಲು, ಕಾಳು ಇಡಲು ಜಾಗ ಸಾಲದೆ ಎಷ್ಟೋ ಕುಟುಂಬಗಳು ಹಳೇ ಊರಿನಲ್ಲೇ ಉಳಿದವು. ಈಗ ಅದೇ ತಪ್ಪನ್ನು ನಮ್ಮ ನಮ್ಮ ಮನೆಯೊಳಗೆ ನಾವೇ ಮಾಡಲು ಹೊರಟಿದ್ದೇವೆ. ಇಳಕಲ್ಲಿನ ನೇಕಾರರ ಮನೆ ನೋಡಿರಿ. ಕುಣಿಮಗ್ಗ ಇದ್ದಲ್ಲಿ ನೆಲ ತಗ್ಗಿರಬೇಕು, ಬೆಳಕು ಎಳೆಯ ಮೇಲೆ ಬೀಳಬೇಕು. ಬರೀ ಮನೆ ಎಂದು ಕೇಳಿದರೆ ಯಂತ್ರ ಅಲ್ಲಿ ಸೋಫಾ ಇಡುತ್ತದೆ.

ಮರುದಿನ ಮಗನಿಗೆ, ‘ಮೊಬೈಲ್ ಕಿಸೆದಾಗ ಇಡು, ಮೊದಲು ಹಗ್ಗ ತಗೊ’ ಎಂದೆ. ಜಾಗ ಅಳೆದೆವು, ಅಗಲ 40 ಅಡಿ, ಉದ್ದ 65 ಅಡಿ. ಕಟ್ಟೆ ಮೇಲೆ ಕೂತು ಒಬ್ಬೊಬ್ಬರೂ ತಮಗೆ ಬೇಕಾದ್ದು ಹೇಳಿದರು. ಎರಡು ಎತ್ತು, ಒಂದು ಆಕಳಿಗೆ ಗೋದಲಿ. ಕೊಂಬಿನ ಎತ್ತು ತಿರುಗುವಷ್ಟು ಬಾಗಿಲು. ಜೋಳದ ಚೀಲಕ್ಕೆ ಹಸಿ ತಾಗದ ಕೋಣೆ. ಮಾಳಿಗೆಗೆ ಹೊರಗಿನಿಂದ ಮೆಟ್ಟಿಲು, ಪುಟ್ಟಿ ಹೊತ್ತು ಹತ್ತುವಂತೆ. ಸೊಸೆ ಅಲ್ಲಿತನಕ ಸುಮ್ಮನಿದ್ದವಳು, ‘ರಾತ್ರಿ ಹಿತ್ತಲಕ್ಕ ಹೋಗಬೇಕಂದ್ರ ಅಂಜಿಕಿ ಬರ್ತೈತ್ರಿ, ಪಾಯಖಾನಿ ಮನಿಗೆ ಹತ್ತಿರ ಇರ್ಲಿ’ ಎಂದಳು. ಏಳು ವರ್ಷದಿಂದ ಆಕೆ ಅಂಜುತ್ತಿದ್ದದ್ದು ನನಗೆ ಗೊತ್ತಾದದ್ದು ಅಂದೇ. ಆ ಚಿತ್ರ ನೋಡಿಕೊಂಡೇ ಕೂತಿದ್ದರೆ ಈ ಮಾತು ಹೊರಗೆ ಬರುತ್ತಿತ್ತೇ?

ಆಮೇಲೆ ಇದನ್ನೆಲ್ಲ ಮಗ ಕನ್ನಡದಲ್ಲೇ ಬಾಯಿಂದ ಯಂತ್ರಕ್ಕೆ ಹೇಳಿದ. ‘ದಂದಕ್ಕಿ’ ಎಂದದ್ದಕ್ಕೆ ಅದು ಯಾವುದೋ ಅಕ್ಕಿಯೆಂದು ತಿಳಿದು ಅಕ್ಕಿಯ ಕೋಣೆ ಇಟ್ಟಿತು! ಎಲ್ಲರೂ ನಕ್ಕೆವು. ಮನೆಯೊಳಗೆ ದನ ಕಟ್ಟುವ ಜಾಗ ಎಂದು ಬಿಡಿಸಿ ಹೇಳಿದ ಮೇಲೆ ಮೂರು ತರಹದ ಜೋಡಣೆ ಕೊಟ್ಟಿತು. ಮೆಚ್ಚಬೇಕಾದ್ದನ್ನು ಮೆಚ್ಚಬೇಕು. ನಾವು ದಂದಕ್ಕಿಯನ್ನು ಪಡುವಣಕ್ಕೆ ಇಟ್ಟಿದ್ದೆವು. ಮುಂಗಾರಿನ ಗಾಳಿ ಪಡುವಣದಿಂದ ಬೀಸುವುದರಿಂದ ವಾಸನೆ, ನೊಣ ಅಡುಗೆಮನೆಗೆ ಬರುತ್ತದೆ ಎಂದು ನೆನಪಿಸಿದ್ದು ಅದೇ.

ಹುಲ್ಲುಹಾಸಿನ ಜಗಳ ತೀರಿಸಿದ್ದೂ ಲೆಕ್ಕವೇ. 1200 ಚದರ ಅಡಿ ಮಾಳಿಗೆ ಎಂದರೆ ಸುಮಾರು 111 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. 550 ಮಿ.ಮೀ.ಗೆ 61,000 ಲೀಟರ್; ಐದರಲ್ಲಿ ಒಂದು ಪಾಲು ಹಾಳಾದರೂ 49,000 ಲೀಟರ್ ಸಿಕ್ಕೀತು. ಚಿತ್ರದ ಹುಲ್ಲು 1000 ಚದರ ಅಡಿ, ಅಂದರೆ 93 ಚದರ ಮೀಟರ್. ಬೇಸಿಗೆಯಲ್ಲಿ ಮೀಟರಿಗೆ ದಿನಾ 5 ಲೀಟರ್ ಹಿಡಿದರೂ ನೂರು ದಿನಕ್ಕೆ 46,500 ಲೀಟರ್. ಇಡೀ ವರ್ಷ ಮಾಳಿಗೆ ಮೇಲೆ ಸಿಕ್ಕ ನೀರೆಲ್ಲ ಆಕಳೂ ಮೇಯದ ಆ ಹುಲ್ಲಿಗೇ! ಮಗ ತಾನೇ ಅದನ್ನು ಅಳಿಸಿದ. ಬಚ್ಚಲ ನೀರಿಗೆ ನುಗ್ಗೆ, ಕರಿಬೇವು, ನಿಂಬೆ. ದೂರದ ಬೇಲಿಗುಂಟ ಬಾರೆ, ಸೀತಾಫಲ. ಬೇವಿನ ಮರ ಮನೆಯಿಂದ ದೂರ, ಬಣವೆಯ ಕಡೆ.

ಇದೇ ಲೆಕ್ಕದಲ್ಲಿ ಯಂತ್ರ ಒಮ್ಮೆ ಚದರ ಅಡಿಯನ್ನು ಚದರ ಮೀಟರ್ ಎಂದು ಹಿಡಿದು ಹತ್ತು ಪಾಲಿಗಿಂತ ಹೆಚ್ಚು ನೀರು ಹೇಳಿತ್ತು. ನಾನು ಏಳನೇತ್ತೆ ಕಲಿತವನು, ಬಳಪ ಹಿಡಿದು ಮಾಡಿ ನೋಡಿದ್ದರಿಂದ ಸಿಕ್ಕಿಬಿತ್ತು. ಇನ್ನೊಂದು ಗುಣ ನೋಡಿದೆ, ನಾವು ಏನು ಹೇಳಿದರೂ ‘ಬಹಳ ಒಳ್ಳೆಯ ವಿಚಾರ’ ಅನ್ನುತ್ತದೆ. ಊರಿನ ಗೌಂಡಿ ಹಾಗಲ್ಲ. ಬೇಕೆಂದೇ ಅವನಿಗೆ ಹಳೇ ಚಿತ್ರ ತೋರಿಸಿದೆ. ‘ತಲಿ ಕೆಟ್ಟೈತೇನ್ ಕಾಕಾ? ಬಾದಾಮಿ ಕಲ್ಲ ಕಣ್ಣಮುಂದ ಇರೂ ಮುಂದ ಕಲ್ಲಿನಂಗ ಕಾಣೂ ಟೈಲ್ಸ್ ಹಚ್ಚಸ್ತೀರೇನು?’ ಎಂದ. ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಸುಗ್ಗಿ ಮುಗಿದ ಮೇಲೆ ಪಾಯ ತೆಗೆಸಬೇಕೆಂದಿದ್ದೇವೆ. ದಂದಕ್ಕಿಯ ಬಾಗಿಲು ಮುಂದಕ್ಕೋ ಪಕ್ಕಕ್ಕೋ ಎಂಬುದು ಇನ್ನೂ ಬಗೆಹರಿದಿಲ್ಲ. ಮಗ ಪಕ್ಕಕ್ಕೆ ಅನ್ನುತ್ತಾನೆ, ನಾನು ಮುಂದಕ್ಕೆ ಅನ್ನುತ್ತೇನೆ. ಮನೆಯಾಕೆ ಯಾರನ್ನೂ ಕೇಳದೆ ಒರಳಕಲ್ಲು ಹುಗಿಯುವ ಜಾಗಕ್ಕೆ ಸುಣ್ಣದ ಗೆರೆ ಎಳೆದಿಟ್ಟಿದ್ದಾಳೆ.