ಗೋಡೆಗೆ ಬಾಯಿಲ್ಲ, ನಮಗೂ ಇಲ್ಲವೇ?

ನಾವು ಮುಂಬಯಿ ಕನ್ನಡಿಗರು ಊರಿನಲ್ಲಿ ಗೇಣು ಜಾಗಕ್ಕಾಗಿ ಮೋಜಣಿದಾರನನ್ನು ಕರೆಸುತ್ತೇವೆ. ಬೇಲಿ ಒಂದು ಮೊಳ ಸರಿದರೆ ದಾಯಾದಿಯ ಮೇಲೆ ದಾವೆ ಹೂಡಿ ವರ್ಷಗಟ್ಟಲೆ ಕೋರ್ಟಿಗೆ ಅಲೆಯುತ್ತೇವೆ. ಅದೇ ನಾವು ಇಲ್ಲಿ, ಹೋಟೆಲು, ಬ್ಯಾಂಕು, ಕಚೇರಿಗಳಲ್ಲಿ ದುಡಿದು ಕೂಡಿಟ್ಟ ಜೀವಮಾನದ ಗಳಿಕೆಯನ್ನೆಲ್ಲ ಸುರಿದು ಕೊಂಡ ಬ್ಲಾಕಿಗೆ, ಒಂದು ಟೇಪು ಕೂಡ ಹಿಡಿಯದೆ ಕಾಲಿಡುತ್ತೇವೆ. ಇದು ಯಾವ ಸೀಮೆಯ ಜಾಣತನ?

ಗೃಹಪ್ರವೇಶಕ್ಕೆ ಪುರೋಹಿತರನ್ನು ತಿಂಗಳ ಮೊದಲೇ ಗೊತ್ತುಮಾಡುವ ನಾವು, ಒಬ್ಬ ಇಂಜಿನಿಯರನ್ನು ಕರೆತಂದು ಮನೆ ತೋರಿಸಿರೆಂದರೆ 'ದಂಡದ ಖರ್ಚು' ಎನ್ನುತ್ತೇವೆ. ಬಚ್ಚಲಿನ ನೀರು ಹೋಗುವ ಕಿಂಡಿ ಮುಚ್ಚಿ ಒಂದು ದಿನ ನೀರು ನಿಲ್ಲಿಸಿದರೆ ಕೆಳಮನೆಯ ಸೂರು ಒದ್ದೆಯಾಗುವುದೋ ಇಲ್ಲವೋ ತಿಳಿದುಹೋಗುತ್ತದೆ. ಗಾರೆಯ ಮೇಲಿನ ಕೂದಲೆಳೆಯಂಥ ಬಿರುಕು ಬಹುಮಟ್ಟಿಗೆ ಗಾರೆ ಒಣಗಿದ್ದರ ಗುರುತು. ಆದರೆ ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು ಅಗಲವಾಗುತ್ತ ಹೋಗುವ ಬಿರುಕು, ತೊಲೆಯ ಮೇಲಿನ ತುಕ್ಕಿನ ಕಲೆ, ಇವುಗಳ ಮಾತೇ ಬೇರೆ. ಅವಕ್ಕೆ ಸುಣ್ಣ ಬಳಿದರೆ ರೋಗ ಮುಚ್ಚುತ್ತದೆ, ವಾಸಿಯಾಗುವುದಿಲ್ಲ.

ಕಾನೂನು ನಮ್ಮ ಪಾಲಿಗಿಲ್ಲವೆಂದು ಗೊಣಗುವವರಿಗೆ ಕಾನೂನೇ ಗೊತ್ತಿಲ್ಲ. 1963ರ ಮಹಾರಾಷ್ಟ್ರದ ಕಾಯಿದೆ ಬಿಲ್ಡರನನ್ನು ಮೂರು ವರ್ಷದವರೆಗಿನ ದೋಷಗಳಿಗೆ ಹೊಣೆ ಮಾಡಿತ್ತು. 2016ರ ರೇರಾ ಕಾಯಿದೆ ಅದನ್ನು ಐದು ವರ್ಷಕ್ಕೆ ಏರಿಸಿತು. ಸ್ವಾಧೀನಕ್ಕೆ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಾಗಲಿ, ಕೆಲಸದಲ್ಲಾಗಲಿ ಕಂಡ ದೋಷವನ್ನು ತಿಳಿಸಿದರೆ, 30 ದಿನದೊಳಗೆ ಅವನು ಬಿಡಿಕಾಸು ಕೇಳದೆ ಸರಿಪಡಿಸಬೇಕು. ಕಾರ್ಪೆಟ್ ಏರಿಯಾ ಎಂದರೇನೆಂಬುದಕ್ಕೂ ಅದರಲ್ಲಿ ವಿವರಣೆಯಿದೆ: ಮನೆಯೊಳಗಿನ ಅಡ್ಡಗೋಡೆಗಳು ಲೆಕ್ಕಕ್ಕೆ ಸೇರುತ್ತವೆ, ಹೊರಗೋಡೆ ಮತ್ತು ಬಾಲ್ಕನಿ ಸೇರುವುದಿಲ್ಲ. ಇಷ್ಟಿದ್ದೂ ನಾವು 'ಸೂಪರ್ ಬಿಲ್ಟ್‌ಅಪ್' ಎಂಬ ಮಾಯಾಮಂತ್ರಕ್ಕೆ ತಲೆದೂಗಿ ಸಹಿ ಹಾಕುತ್ತೇವೆ.

'ಪರಸ್ಥಳ, ನಮಗೇಕೆ ತಂಟೆ?' ಎಂದು ಹಿರಿಯರು ಬುದ್ಧಿ ಹೇಳುತ್ತಾರೆ. ಖೋಲಿ ಬಾಡಿಗೆಗೆ ಹಿಡಿದು ಹತ್ತು ಮಂದಿ ಮಲಗುತ್ತಿದ್ದ ಕಾಲಕ್ಕೆ ಆ ಮಾತು ಸಲ್ಲುತ್ತಿತ್ತು. ಅಂದು ಬಾಯಿ ಬಿಟ್ಟರೆ ನೆಲೆಯೇ ತಪ್ಪುತ್ತಿತ್ತು. ಇಂದು ಮನೆ ನಮ್ಮ ಹೆಸರಿನಲ್ಲಿದೆ, ಸಾಲದ ಕಂತೂ ನಮ್ಮದೇ. ಸುಮ್ಮನಿರುವುದು ಸೌಜನ್ಯವಲ್ಲ, ನಷ್ಟ. ಐದು ವರ್ಷ ಕಳೆದ ಮೇಲೆ ಕೂಗಾಡಿದರೆ ಕೇಳುವವರು ಕಡಮೆ.

ಬಿಲ್ಡರನ ಎದುರು ಬಾಯಿ ಬಿಡದ ನಾವು ಮೇಲ್ಮನೆಯವರೊಡನೆ ಮಾತ್ರ ಜಗಳಕ್ಕೆ ಮುಂದು. ಸೂರು ಸೋರಿತೆಂದು ಮಾತು ಬಿಟ್ಟು, ಹಬ್ಬಕ್ಕೆ ತಟ್ಟೆ ಕೊಡುವುದನ್ನೂ ನಿಲ್ಲಿಸಿದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಮಹಾರಾಷ್ಟ್ರದ ಸೊಸಾಯಿಟಿಗಳ ಮಾದರಿ ಉಪವಿಧಿ ಸರಳವಾಗಿದೆ. ಮಳೆನೀರು, ಟೆರೇಸು, ಹೊರಗಿನ ಸಾಮಾನ್ಯ ಪೈಪಿನ ಸೋರಿಕೆ ಸೊಸಾಯಿಟಿಯ ಖರ್ಚು. ಬಚ್ಚಲು, ಸಿಂಕಿನಂಥ ಒಳಗಿನ ಸೋರಿಕೆ ಸಂಬಂಧಪಟ್ಟ ಸದಸ್ಯರ ಖರ್ಚು. ಮೊದಲು ನೀರು ಎಲ್ಲಿಂದ ಬರುತ್ತಿದೆಯೆಂದು ನೋಡಿಸಿ, ಬೈಗುಳ ಆಮೇಲಿರಲಿ.

ನಮ್ಮ ತಪ್ಪೂ ಇದೆ, ಮುಚ್ಚಿಡುವುದೇಕೆ? ಹಾಲು ದೊಡ್ಡದಾಗಲೆಂದು ಗೋಡೆ ಒಡೆಸುವಾಗ ಸೊಸಾಯಿಟಿಯನ್ನಾಗಲಿ, ಇಂಜಿನಿಯರನ್ನಾಗಲಿ ನಾವು ಕೇಳಿದ್ದೇವೆಯೇ? ಘಾಟ್ಕೋಪರಿನಲ್ಲಿ 2017ರ ಜುಲೈ ತಿಂಗಳಲ್ಲಿ ಕಟ್ಟಡವೊಂದು ಕುಸಿದು 17 ಮಂದಿ ಪ್ರಾಣ ಬಿಟ್ಟರು. ನೆಲ ಅಂತಸ್ತಿನಲ್ಲಿ ನಡೆದಿದ್ದ ಮಾರ್ಪಾಡಿನತ್ತಲೇ ಎಲ್ಲರೂ ಬೆರಳು ತೋರಿಸಿದರು. ಕಂಬ ಒಬ್ಬರ ಮನೆಯೊಳಗಿದ್ದರೂ ಅದು ಹೊರುವುದು ಎಲ್ಲರ ಮನೆಯನ್ನು. 30 ವರ್ಷ ದಾಟಿದ ಕಟ್ಟಡದ ರಚನೆಯನ್ನು ತಪಾಸಣೆ ಮಾಡಿಸಬೇಕೆಂದು ಮುಂಬಯಿ ನಗರಪಾಲಿಕೆಯ ಕಾನೂನಿದೆ. ಆ ವಿಷಯ ಸಭೆಗೆ ಬಂದಾಗ 'ಮುಂದಿನ ವರ್ಷ ನೋಡೋಣ' ಎಂದು ಕೈಯೆತ್ತುವವರಲ್ಲಿ ನಾವೂ ಇದ್ದೇವೆ.

ಆದ್ದರಿಂದ ನಮ್ಮ ಸಂಘಗಳಿಗೆ ಒಂದು ಮಾತು. ನಮ್ಮಲ್ಲಿ ಇಂಜಿನಿಯರರಿದ್ದಾರೆ, ವಕೀಲರಿದ್ದಾರೆ. ತಿಂಗಳಿಗೊಂದು ಭಾನುವಾರ ಅವರನ್ನು ಸಂಘದ ಕೋಣೆಯಲ್ಲಿ ಕೂರಿಸಿರಿ. ಮನೆ ಕೊಳ್ಳುವವರು ಕಾಗದಪತ್ರ ತಂದು ತೋರಿಸಲಿ, ಸೋರುವ ಮನೆಯವರು ಅಹವಾಲು ಹೇಳಲಿ. ನಾಟಕ, ಯಕ್ಷಗಾನ, ಹಳದಿಕುಂಕುಮ ಎಲ್ಲವೂ ಇರಲಿ. ಆದರೆ ಕನ್ನಡ ಉಳಿಯಬೇಕಾದರೆ ಕನ್ನಡದ ಮನೆಗಳು ಮೊದಲು ನಿಂತಿರಬೇಕು.