ಮೊದಲು ಮೀನನ್ನು ಕೇಳಿ, ಆಮೇಲೆ ರಜೆ ಹಾಕಿ

ಮಕ್ಕಳೇ, ಈ ವಾರ ನಿಮ್ಮ ಅಜ್ಜಿ ಬರೆಯುತ್ತಿರುವುದು ಅಲಾಸ್ಕದ ಆಂಕರೇಜ್ ಎಂಬ ಊರಿನಿಂದ. ಈಗ ರಾತ್ರಿ ಹತ್ತು ಗಂಟೆ. ಹೊರಗೆ ಇನ್ನೂ ಬೆಳಕಿದೆ! ಮೇ ತಿಂಗಳು ಬಂತೆಂದರೆ ಇಲ್ಲಿ ಸೂರ್ಯನಿಗೆ ಮನೆಗೆ ಹೋಗುವ ಮನಸ್ಸೇ ಇರುವುದಿಲ್ಲ. ನನ್ನ ಮೊಮ್ಮಕ್ಕಳಿಗೂ ಹಾಗೆಯೇ.

ಮಗನ ಮನೆಗೆ ಬಂದು ತಿಂಗಳಾಯಿತು. ಊಟದ ಮೇಜಿನ ಮೇಲೆ ದಿನವೂ ಒಂದೇ ಮಾತು: ಮೀನು ಹಿಡಿಯಲು ಎಲ್ಲರೂ ಹೋಗಬೇಕು. ಕೀನೈ ನದಿಯಲ್ಲಿ ಟ್ರೌಟ್, ಹೋಮರ್ ಊರಿನ ಕಡಲಲ್ಲಿ ಹಾಲಿಬಟ್.

“ಅಮ್ಮ, ಮೇ ಕೊನೆಗೆ ಶಾಲೆ ಮುಗಿಯುತ್ತದೆ. ಮರುದಿನವೇ ಹೊರಡೋಣ” ಎಂದ ಮಗ.

“ನಿನಗೆ ರಜೆ ಸರಿ. ಮೀನಿಗೆ ಆಗ ಏನು ಕೆಲಸ, ವಿಚಾರಿಸಿದೆಯೇನೋ?” ಎಂದೆ.

ಎಲ್ಲರೂ ನಕ್ಕರು. ನಾನು ಗಂಗೊಳ್ಳಿಯ ಕಡಲ ಮಗ್ಗುಲಲ್ಲಿ ಹುಟ್ಟಿದವಳು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮಳೆಗಾಲದ ಕಡಲು ಅಪಾಯ ಎನ್ನುವುದು ಒಂದು ಕಾರಣ. ಹಲವು ಮೀನುಗಳು ಮೊಟ್ಟೆಯಿಡುವ ಕಾಲ ಎನ್ನುವುದು ಇನ್ನೊಂದು. ಇಲ್ಲಿಯೂ ಅಂಥದ್ದೇನಾದರೂ ಇರಬೇಕಲ್ಲ?

ಮೊಮ್ಮಗಳು ನಿಯಮದ ಪುಸ್ತಕ ತೆರೆದಳು. ಅವಳ ನಗು ನಿಂತಿತು. ಕೀನೈ ನದಿಯ ಮೇಲ್ಭಾಗದಲ್ಲಿ ಮೇ 2ರಿಂದ ಜೂನ್ 10ರವರೆಗೆ ಮೀನು ಹಿಡಿಯುವಂತಿಲ್ಲ! ರೇನ್‌ಬೋ ಟ್ರೌಟ್ ವಸಂತದಲ್ಲಿ ಮೊಟ್ಟೆಯಿಡುತ್ತದೆ. ಹೆಣ್ಣು ಮೀನು ಬಾಲದಿಂದ ಜಲ್ಲಿಕಲ್ಲನ್ನು ಸರಿಸಿ ಗುಂಡಿ ಮಾಡಿ, ಮೊಟ್ಟೆಯಿಟ್ಟು, ಮತ್ತೆ ಕಲ್ಲು ಮುಚ್ಚುತ್ತದೆ. ಆ ಹೊತ್ತಿಗೆ ನಾವು ಗಾಳ ಹಿಡಿದು ನೀರು ತುಳಿದರೆ ಬಾಣಂತಿಯ ಕೋಣೆಗೆ ನುಗ್ಗಿದಂತೆ.

ಆಂಕರೇಜಿನ ಕೆಲವು ಕೆರೆಗಳಿಗೆ ಸರಕಾರವೇ ಸಾಕಿದ ಟ್ರೌಟ್ ತಂದು ಬಿಡುತ್ತದೆ. ಕೀನೈಯ ಟ್ರೌಟ್ ಹಾಗಲ್ಲ. ಆ ನದಿಯಲ್ಲೇ ಹುಟ್ಟಿ ಬೆಳೆದದ್ದು. ಅದಕ್ಕೇ ಅಷ್ಟು ಕಟ್ಟುನಿಟ್ಟು. ನದಿಯ ಮೇಲ್ಭಾಗದಲ್ಲಿ ಗಾಳಕ್ಕೆ ಎರೆಹುಳು ಸಿಕ್ಕಿಸುವಂತಿಲ್ಲ. ಕೃತಕ ಹುಳುವಿಗೆ ಒಂದೇ ಕೊಕ್ಕೆ. ದೊಡ್ಡ ಟ್ರೌಟ್ ಸಿಕ್ಕರೆ ವಾಪಸು ನದಿಗೇ. ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು. ಒಣ ಕೈ ತಾಗಿದರೆ ಮೀನಿನ ಮೈಮೇಲಿನ ಲೋಳೆ ಕಿತ್ತುಬಂದು ಅದಕ್ಕೆ ರೋಗ ತಗಲಬಹುದು. ಹಾಗಾಗಿ ಮಕ್ಕಳು ಮೊದಲು ಮನೆ ಹತ್ತಿರದ ಕೆರೆಯಲ್ಲಿ ಕೈ ಪಳಗಿಸುವುದು, ಆಮೇಲೆ ನದಿ ಎಂದು ತೀರ್ಮಾನವಾಯಿತು.

ಇನ್ನು ಹಾಲಿಬಟ್. ಇದು ನಮ್ಮ ನಂಗು ಮೀನಿನ ಹಾಗೆ ಚಪ್ಪಟೆ ಮೀನು. ಮರಿಯಾಗಿದ್ದಾಗ ತಲೆಯ ಎರಡೂ ಬದಿಗೆ ಒಂದೊಂದು ಕಣ್ಣು. ಬೆಳೆಯುತ್ತಾ ಎಡಗಣ್ಣು ತಲೆಯ ಮೇಲಿನಿಂದ ನಿಧಾನವಾಗಿ ಬಲಬದಿಗೆ ಸರಿಯುತ್ತದೆ! ಆಮೇಲೆ ಮೀನು ಕಡಲ ತಳದಲ್ಲಿ ಮಗ್ಗುಲಾಗಿ ಮಲಗಿ ಎರಡೂ ಕಣ್ಣಿನಿಂದ ಮೇಲೆ ನೋಡುತ್ತದೆ. ಮೇಲಿನ ಮೈ ತಳದ ಮಣ್ಣಿನ ಬಣ್ಣ, ಕೆಳಗಿನದು ಬಿಳಿ. ಅಲಾಸ್ಕದಲ್ಲಿ 1996ರಲ್ಲಿ ಗಾಳಕ್ಕೆ ಬಿದ್ದ ದಾಖಲೆಯ ಹಾಲಿಬಟ್ 459 ಪೌಂಡ್, ಅಂದರೆ ಸುಮಾರು 208 ಕಿಲೋ ತೂಗಿತ್ತು.

“ನನಗೂ ಅಂಥದ್ದೇ ಬೇಕು!” ಎಂದ ಒಂಬತ್ತು ವರ್ಷದ ಮೊಮ್ಮಗ.

“ಅಂಥ ದೊಡ್ಡವು ಹೆಣ್ಣು ಮೀನುಗಳು ಕಣೋ. ಒಂದೊಂದೂ ಲಕ್ಷಗಟ್ಟಲೆ ಮೊಟ್ಟೆಯಿಡುತ್ತದೆ. ಮನೆಗೆ ಸಾಕಾಗುವಷ್ಟು ಸಣ್ಣದೇ ತರೋಣ” ಎಂದೆ. ಅವನ ಮುಖ ಸಣ್ಣದಾಯಿತು.

ದಿನ ಗೊತ್ತುಮಾಡುವುದೇ ದೊಡ್ಡ ಕೆಲಸ. ಹೋಮರಿನ ಕಡಲಲ್ಲಿ ಉಬ್ಬರವಿಳಿತ ನಮ್ಮಲ್ಲಿಯಂತಲ್ಲ. ಜೋರಿರುವ ದಿನ ನೀರು 6 ಮೀಟರಿಗೂ ಹೆಚ್ಚು ಏರಿಳಿಯುತ್ತದೆ. ಆಗಿನ ಸೆಳೆತಕ್ಕೆ ಸೀಸದ ಗುಂಡು ಕಟ್ಟಿದರೂ ಗಾಳ ತಳದಲ್ಲಿ ನಿಲ್ಲದು. ನಾನು ಪೆಟ್ಟಿಗೆಯಿಂದ ಪಂಚಾಂಗ ತೆಗೆದೆ. “ಇಲ್ಲಿ ಪಂಚಾಂಗ ಏಕೆ ಮಾವಿ?” ಎಂದಳು ಸೊಸೆ. ಚಂದ್ರ ಎಲ್ಲ ಕಡಲಿಗೂ ಒಬ್ಬನೇ. ಹುಣ್ಣಿಮೆ, ಅಮಾವಾಸ್ಯೆಗೆ ಸೂರ್ಯ ಚಂದ್ರರು ಒಂದೇ ಸಾಲಿನಲ್ಲಿ ಎಳೆಯುತ್ತಾರೆ, ನೀರು ಜೋರು. ಅಷ್ಟಮಿಯ ಹೊತ್ತಿಗೆ ಅಡ್ಡಡ್ಡ ಎಳೆಯುತ್ತಾರೆ, ನೀರು ಮಂದ. ಮಗ ಹೋಮರಿನ ಉಬ್ಬರವಿಳಿತದ ಪಟ್ಟಿ ತಂದು ಪಕ್ಕದಲ್ಲಿಟ್ಟ. ಎರಡೂ ಒಂದೇ ಹೇಳಿದವು!

ಜೂನ್ ಮೂರನೆಯ ವಾರದ ಅಷ್ಟಮಿ ಬುಧವಾರ. ಆದರೆ ಬಾಡಿಗೆ ದೋಣಿಯವರಿಗೆ ಬುಧವಾರ ಹಾಲಿಬಟ್ ಹಿಡಿದು ಇಟ್ಟುಕೊಳ್ಳಲು ಅನುಮತಿಯಿಲ್ಲ. ಇಂಥ ನಿಯಮ ವರ್ಷ ವರ್ಷ ಬದಲಾಗುತ್ತದೆ, ಕೇಳಿಕೊಂಡೇ ಹೋಗಬೇಕು. ಹಾಗಾಗಿ ಮಂಗಳವಾರ 160 ಕಿಲೋಮೀಟರ್ ದೂರದ ಕೂಪರ್ ಲ್ಯಾಂಡಿಂಗಿನಲ್ಲಿ ಟ್ರೌಟ್, ಬುಧವಾರ ಹೋಮರಿಗೆ ಪ್ರಯಾಣ, ಗುರುವಾರ ನವಮಿಗೆ ಕಡಲು. ಮಕ್ಕಳಿರುವುದರಿಂದ ಅರ್ಧ ದಿನ ಸಾಕು. ಇಲ್ಲಿನ ನಿವಾಸಿ ಮಕ್ಕಳಿಗೆ ಪರವಾನಗಿ ಬೇಡ. ಅಪ್ಪ ಅಮ್ಮನಿಗೆ ಬೇಕು, ನೆಂಟಳಾದ ನನಗೂ ಬೇಕು.

“ಶುಕ್ರವಾರಕ್ಕೆ ಏನು ಬರೆಯಲಿ ಅಜ್ಜಿ?” ಎಂದ ಮೊಮ್ಮಗ.

“ಖಾಲಿ ಬಿಡು.”

“ಯಾಕೆ?”

ಇದನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ನನಗೆ ಹನ್ನೊಂದು ವರ್ಷ. ಒಂದು ಬೆಳಿಗ್ಗೆ ಗಾಳಿ ಎದ್ದಿತ್ತು. ಇವತ್ತು ಬೇಡ ಎಂದರು ಹಿರಿಯರು. ಸಾಲದವನಿಗೆ ಮಾತು ಕೊಟ್ಟ ದಿನ ಅದು, ಚಿಕ್ಕಪ್ಪ ದೋಣಿ ಇಳಿಸಿಯೇಬಿಟ್ಟರು. ಸಂಜೆ ಅಳಿವೆಯ ದಂಡೆಗೆ ದೋಣಿ ಮಗುಚಿಕೊಂಡು ಬಂತು. ಚಿಕ್ಕಪ್ಪ ಬರಲಿಲ್ಲ. ಅಂದಿನಿಂದ ನಾನು ಕಡಲ ದೋಣಿಗೆ ಕಾಲಿಟ್ಟಿಲ್ಲ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

“ಅವರಿಗೆ ಒಂದು ಖಾಲಿ ದಿನ ಇರಲಿಲ್ಲ. ನಮಗೆ ಇರಲಿ. ಗುರುವಾರ ದೋಣಿಯವರು ಬೇಡ ಎಂದರೆ ಶುಕ್ರವಾರ ಹೋಗೋಣ” ಎಂದೆ.

“ಶುಕ್ರವಾರವೂ ಗಾಳಿಯಿದ್ದರೆ?”

“ದಂಡೆಯಲ್ಲಿ ಕೂತು ಅವಲಕ್ಕಿ ತಿಂದು ಮನೆಗೆ.”

ಅವನು ಹುಬ್ಬು ಗಂಟಿಕ್ಕಿದ. ಆಮೇಲೆ ಪಟ್ಟಿಯಲ್ಲಿ ಬರೆದ: ಜೀವರಕ್ಷಕ ಜಾಕೆಟ್, ಬೆಚ್ಚನೆಯ ಟೋಪಿ, ವಾಂತಿ ಬಾರದಿರಲು ಶುಂಠಿ, ಅವಲಕ್ಕಿ. ಕೊನೆಯ ಸಾಲು: “ಅಜ್ಜಿ ನನ್ನ ಪಕ್ಕ ಕೂರಬೇಕು.”

ನಾನು ಹೂಂ ಎಂದಿದ್ದೇನೆ. ಹೆದರಿಕೆ ಹೋಗಿಲ್ಲ. ಆದರೆ ಬೇಡ ಎನ್ನಬಲ್ಲ ದೋಣಿಯವರು ಸಿಕ್ಕಿದ್ದಾರೆ, ಕಾಯಲು ಒಂದು ದಿನವೂ ಇದೆ.

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ಮನೆಯ ಕ್ಯಾಲೆಂಡರಿನಲ್ಲಿ ಮುಂದಿನ ಅಷ್ಟಮಿ ಯಾವಾಗ ನೋಡಿ, ಆ ದಿನ ಚಂದ್ರ ಎಷ್ಟು ಕಾಣುತ್ತಾನೆಂದು ಅಜ್ಜ ಅಜ್ಜಿಯ ಜೊತೆ ನಿಂತು ನೋಡಿ. ಅವರು ಯಾರಿಗೂ ಹೇಳದ ಒಂದು ಕತೆಯನ್ನೂ ಕೇಳಿ. ಹಾಲಿಬಟ್ ಸಿಕ್ಕಿತೋ ಅವಲಕ್ಕಿಯೋ, ಬಂದು ಬರೆಯುತ್ತೇನೆ.