‘ಹಗುರ’ ಎಂಬ ಮಾತಿನ ತೂಕ: ಭುವನೇಶ್ವರಿ ಹೆಗಡೆಯವರ ಹಾಸ್ಯಪ್ರಬಂಧಗಳು

ಕನ್ನಡ ವಿಮರ್ಶೆಯು ಹಾಸ್ಯವನ್ನು ಓದಿ ಆನಂದಿಸಿರುವಷ್ಟು ಅದರ ಬಗೆಗೆ ಆಲೋಚಿಸಿಲ್ಲ. ಸಾಹಿತ್ಯಚರಿತ್ರೆಗಳಲ್ಲಿ ಹಾಸ್ಯಪ್ರಬಂಧಕ್ಕೆ ಸಾಮಾನ್ಯವಾಗಿ ದೊರೆಯುವುದು ಹೆಸರುಗಳ ಒಂದು ಪಟ್ಟಿ ಮಾತ್ರ. ಬರೆದವರು ಮಹಿಳೆಯಾದರೆ ಉಪೇಕ್ಷೆ ಇಮ್ಮಡಿಯಾಗುತ್ತದೆ: ಹಾಸ್ಯವಾದುದರಿಂದ ಹಗುರ, ‘ಅಡುಗೆಮನೆ ಸಾಹಿತ್ಯ’ವಾದುದರಿಂದ ಸಂಕುಚಿತ. ಭುವನೇಶ್ವರಿ ಹೆಗಡೆಯವರ ಬರಹವನ್ನು ಮುಂದಿಟ್ಟುಕೊಂಡು ಈ ಎರಡೂ ತೀರ್ಮಾನಗಳನ್ನು ಮರುಪರಿಶೀಲಿಸಬೇಕಾಗಿದೆ.

ಅವರ ಹಿಂದೆ ಒಂದು ಪರಂಪರೆಯಿದೆ. ರಾಶಿಯವರು ೧೯೪೨ರಲ್ಲಿ ಆರಂಭಿಸಿದ ‘ಕೊರವಂಜಿ’ಯ ಮೂಲಕ ಹೆಸರಾದ ಟಿ. ಸುನಂದಮ್ಮನವರು (೧೯೧೭–೨೦೦೬) ಗೃಹಜೀವನವನ್ನು ಗೃಹಿಣಿಯ ಕಣ್ಣಿನಿಂದ ಕಂಡು ನಗಿಸಿದರು. ಅದುವರೆಗೆ ಬಹುಮಟ್ಟಿಗೆ ನಗೆಗೆ ವಸ್ತುವಾಗಿದ್ದ ಹೆಂಡತಿಯು ಅಲ್ಲಿ ನಗುವವಳಾದಳು. ಈ ಸ್ಥಾನಪಲ್ಲಟವನ್ನು ಮುಂದಿನ ತಲೆಮಾರಿಗೆ ವಿಸ್ತರಿಸಿದವರು ಭುವನೇಶ್ವರಿ ಹೆಗಡೆ.

ಉತ್ತರ ಕನ್ನಡದಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಅರ್ಥಶಾಸ್ತ್ರದ ಅಧ್ಯಾಪಕಿಯಾಗಿದ್ದ ಅವರಿಗೆ ಮನೆ, ತರಗತಿ, ಬೀದಿ ಮೂರೂ ನಿತ್ಯದ ಅನುಭವಲೋಕಗಳು. ‘ಎಂಥದ್ದು ಮಾರಾಯ್ರೆ’ ಎಂಬ ಶೀರ್ಷಿಕೆಯೇ ಕರಾವಳಿಯ ಆಡುಮಾತಿನಿಂದ ಎತ್ತಿಕೊಂಡದ್ದು. ಒಂದು ಊರಿನ ಮಾತಿನ ಸೊಗಸು ಅಲ್ಲಿಯವರಿಗಿಂತ ನೆರೆಯಿಂದ ಬಂದವರ ಕಿವಿಗೆ ಬೇಗ ಸಿಕ್ಕುವುದುಂಟು. ಇನ್ನು ‘ವಲಲ ಪ್ರತಾಪ’. ವಿರಾಟನ ಅರಮನೆಯಲ್ಲಿ ಭೀಮನು ಬಾಣಸಿಗನಾಗಿದ್ದಾಗಿನ ಹೆಸರು ವಲಲ. ಅಡುಗೆಮನೆ ಮತ್ತು ಮಹಾಕಾವ್ಯಗಳನ್ನು ಎರಡೇ ಪದಗಳಲ್ಲಿ ಎದುರುಬದುರು ಕೂರಿಸುವ ಈ ಶೀರ್ಷಿಕೆಯಲ್ಲಿ ವಿನೋದವಿದೆ, ವಾದವೂ ಇದೆ. ಕೀಚಕನನ್ನು ಕೊಂದವನು ಸೌಟು ಹಿಡಿದಿದ್ದವನೇ ಅಲ್ಲವೆ? ಅಡುಗೆಮನೆಯನ್ನು ಸಾಹಿತ್ಯದ ಹೊರಗಿಡುವವರಿಗೆ ಇದಕ್ಕಿಂತ ಮೊನಚಾದ ಉತ್ತರ ಬೇಕಿಲ್ಲ.

ಈ ಪ್ರಕಾರಕ್ಕೆ ಮಿತಿಗಳಿಲ್ಲವೆಂದಲ್ಲ. ಪತ್ರಿಕೆಯೇ ಹಾಸ್ಯಪ್ರಬಂಧದ ತವರು. ಅಲ್ಲಿಯ ಸ್ಥಳಮಿತಿ ಮತ್ತು ಅವಸರಗಳು ಪುನರುಕ್ತಿಗೆ ಎಡೆಮಾಡುತ್ತವೆ. ಮಧ್ಯಮವರ್ಗದ ಆವರಣವನ್ನು ದಾಟುವುದು ಅಪರೂಪ. ಆದರೆ ಇಂಥ ದೋಷಗಳನ್ನು ಕಾದಂಬರಿಯಲ್ಲಿ ಕಂಡಾಗ ನಾವು ಚರ್ಚಿಸುತ್ತೇವೆ. ಹಾಸ್ಯದಲ್ಲಿ ಕಂಡಾಗ ಚರ್ಚೆಯನ್ನೇ ಕೈಬಿಡುತ್ತೇವೆ. ಆಕ್ಷೇಪಿಸಬೇಕಾದುದು ಈ ತಾರತಮ್ಯವನ್ನು.

ಅವರ ಇನ್ನೊಂದು ಕೃತಿಯ ಹೆಸರು ‘ನಕ್ಕು ಹಗುರಾಗಿ’. ವಿಮರ್ಶೆಯು ‘ಹಗುರ’ವೆಂದಾಗ ಅದು ಕೃತಿಯ ತೂಕದ ಮಾತು, ಇಲ್ಲಿ ಅದು ಓದುಗನ ಮನಸ್ಸಿನ ಭಾರ ಇಳಿಯುವ ಮಾತು. ಈ ಎರಡು ಅರ್ಥಗಳನ್ನು ಒಂದೆಂದು ಭಾವಿಸಿದುದರಿಂದಲೇ ಹಾಸ್ಯಪ್ರಬಂಧವು ನಮ್ಮ ಪಠ್ಯಕ್ರಮ ಮತ್ತು ಸಂಶೋಧನೆಗಳ ಅಂಚಿನಲ್ಲಿ ಉಳಿದಿದೆ. ಅದರ ಭಾಷೆ, ನಿರೂಪಣೆ ಹಾಗೂ ಸ್ತ್ರೀದೃಷ್ಟಿಗಳನ್ನು ಕುರಿತ ವ್ಯವಸ್ಥಿತ ಅಧ್ಯಯನಗಳು ಕನ್ನಡ ವಿಭಾಗಗಳಿಂದಲೇ ಆರಂಭವಾಗಬೇಕು.